ಕೋವಿಗೆ ತಕ್ಕ ತೋಟಾ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ನಮ್ಮ ಸದಸ್ಯರಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಹೊಂದಿರುವವರು ಕಡಿಮೆಯೇನಲ್ಲ. ಕೆಲವರ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ, ಕೆಲವರಲ್ಲಿ ಒಂಟಿ ನಳಿಗೆಯದು, ಇನ್ನು ಕೆಲವರಲ್ಲಿ ಜೋಡುನಳಿಗೆಯ ತೋಟಾ ಕೋವಿ. ತೋಟಕ್ಕೆ ಯಾವ ಗೊಬ್ಬರ, ಎಷ್ಟು ಸುಣ್ಣ, ಬೋರ್ಡೋ ದ್ರಾವಣಕ್ಕೆ ಎಷ್ಟು ಮೈಲುತುತ್ತ ಎಂದು ವಿಚಾರಿಸಿ, ಬರೆದುಕೊಂಡು, ತೂಗಿ ಹಾಕುವ ನಾವು ಕೋವಿಯ ವಿಷಯಕ್ಕೆ ಬಂದಾಗ ಮಾತ್ರ ‘ಹನ್ನೆರಡರ ತೋಟಾ ಒಂದು ಪೆಟ್ಟಿಗೆ ಕೊಡಿ’ ಎಂದು ಕೇಳಿ, ಅಂಗಡಿಯವರು ಕೊಟ್ಟದ್ದನ್ನು ತಂದು ಬೀರುವಿನಲ್ಲಿಡುತ್ತೇವೆ. ಗೊಬ್ಬರದಲ್ಲಿ ತಪ್ಪಿದರೆ ಒಂದು ವರ್ಷದ ಫಸಲು ಹೋದೀತು. ತೋಟಾದಲ್ಲಿ ತಪ್ಪಿದರೆ ಹೋಗುವುದು ಎಡಗೈ, ಇಲ್ಲವೇ ಕಣ್ಣು. ಜೋಡುನಳಿಗೆ ಕೋವಿಯನ್ನು ಹಿಡಿದಾಗ ನಮ್ಮ ಎಡಗೈ ಎಲ್ಲಿರುತ್ತದೆಯೋ, ನಳಿಗೆ ಸಾಮಾನ್ಯವಾಗಿ ಒಡೆಯುವ ಜಾಗವೂ ಅದರ ಆಸುಪಾಸಿನಲ್ಲೇ ಇರುತ್ತದೆ ಎಂಬುದನ್ನು ಸದಸ್ಯರು ಗಮನಿಸಬೇಕು.

ಆದ್ದರಿಂದ ಈ ಸಂಚಿಕೆಯಲ್ಲಿ ಕೋವಿಗೂ ತೋಟಾಕ್ಕೂ ಇರುವ ಅಳತೆಯ ಸಂಬಂಧವನ್ನು ಸ್ವಲ್ಪ ವಿವರವಾಗಿ ತಿಳಿಸಲು ಪ್ರಯತ್ನಿಸಿದ್ದೇವೆ. ಖಾಲಿ ತೋಟಾಗಳನ್ನು ಮತ್ತೆ ತುಂಬಿಕೊಳ್ಳಬಹುದೇ ಎಂದು ಕೆಲವು ಯುವ ಸದಸ್ಯರು ಕೇಳುತ್ತಿರುವುದರಿಂದ ಆ ವಿಷಯವನ್ನೂ ಸೇರಿಸಿದ್ದೇವೆ.

ಬೋರ್ ಎಂದರೇನು?

ಹನ್ನೆರಡು ಬೋರ್ ಎಂದರೆ ಹನ್ನೆರಡು ಏನು? ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಇದು ಹಳೆಯ ಕಾಲದ ತೂಕದ ಲೆಕ್ಕ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡಿನ ಅಡ್ಡಳತೆ ಎಷ್ಟಾಗುತ್ತದೆಯೋ ಅದೇ ಹನ್ನೆರಡು ಬೋರ್ ನಳಿಗೆಯ ಒಳ ಅಳತೆ. ಅದು ೧೮.೫ ಮಿ.ಮೀ. ಅದೇ ಒಂದು ಪೌಂಡನ್ನು ಹದಿನಾರು ಗುಂಡು ಮಾಡಿದರೆ ಪ್ರತಿ ಗುಂಡೂ ಚಿಕ್ಕದಾಗುತ್ತದೆ. ಹದಿನಾರು ಬೋರ್ ೧೬.೮ ಮಿ.ಮೀ. ಇಪ್ಪತ್ತು ಬೋರ್ ಇನ್ನೂ ಕಿರಿದು, ೧೫.೬ ಮಿ.ಮೀ. ಅಂದರೆ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ನಾಲ್ಕುನೂರ ಹತ್ತು ಎಂದು ಕರೆಯುವ ಸಣ್ಣ ಕೋವಿ ಮಾತ್ರ ಈ ಲೆಕ್ಕಕ್ಕೆ ಸೇರಿದ್ದಲ್ಲ. ಅದು ನೇರವಾಗಿ ಇಂಚಿನ ಲೆಕ್ಕ; ಇಂಚಿನ ಸಾವಿರ ಪಾಲಿನಲ್ಲಿ ೪೧೦ ಪಾಲು, ಅಂದರೆ ಸುಮಾರು ೧೦.೪ ಮಿ.ಮೀ.

ಇದನ್ನು ತಿಳಿದುಕೊಂಡು ಪ್ರಯೋಜನವೇನು ಎಂದರೆ, ಒಂದೇ ಮನೆಯಲ್ಲಿ ಎರಡು ಬೋರಿನ ಕೋವಿಗಳಿದ್ದರೆ ಅದೊಂದು ದೊಡ್ಡ ಅಪಾಯ. ಇಪ್ಪತ್ತು ಬೋರಿನ ತೋಟಾವನ್ನು ಕತ್ತಲೆಯಲ್ಲಿ ಹನ್ನೆರಡು ಬೋರಿನ ಕೋವಿಗೆ ಹಾಕಿದರೆ ಅದು ಹಿಂದೆ ನಿಲ್ಲದೆ ಒಳಕ್ಕೆ ಜಾರಿ, ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಗೂಡು ಖಾಲಿ. ‘ಹಾಕಿರಲಿಲ್ಲವೇನೋ’ ಎಂದುಕೊಂಡು ಅದರ ಹಿಂದೆ ಹನ್ನೆರಡರ ತೋಟಾ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. ಈ ಕಾರಣಕ್ಕಾಗಿಯೇ ಅಮೆರಿಕ ಮೊದಲಾದ ಕಡೆ ಇಪ್ಪತ್ತರ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದಿದೆ. ಆದರೆ ನಾವು ಬಣ್ಣವನ್ನು ನಂಬದೆ ತೋಟಾದ ಹಿತ್ತಾಳೆಯ ತಳದ ಮೇಲಿನ ಸಂಖ್ಯೆಯನ್ನು ಓದಬೇಕು. ಎರಡು ಬೋರಿನ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಎಂದೂ ಇಡಬಾರದು.

ಗೂಡಿನ ಉದ್ದ: ಕಣ್ಣಿಗೆ ಕಾಣದ ತಪ್ಪು

ತೋಟಾ ಕೂರುವ ಜಾಗಕ್ಕೆ ಚೇಂಬರ್ ಎನ್ನುತ್ತಾರೆ. ನಾವು ಗೂಡು ಎನ್ನೋಣ. ಹನ್ನೆರಡು ಬೋರಿನಲ್ಲೇ ಗೂಡಿನ ಉದ್ದ ಮುಖ್ಯವಾಗಿ ಮೂರು ಬಗೆ: ೬೫ ಮಿ.ಮೀ. ಅಂದರೆ ಎರಡೂವರೆ ಇಂಚು, ೭೦ ಮಿ.ಮೀ. ಅಂದರೆ ಎರಡೂ ಮುಕ್ಕಾಲು ಇಂಚು, ಮತ್ತು ೭೬ ಮಿ.ಮೀ. ಅಂದರೆ ಮೂರು ಇಂಚು. ನಮ್ಮ ಕಡೆಯ ಹಳೆಯ ಇಂಗ್ಲಿಷ್ ಮತ್ತು ಬೆಲ್ಜಿಯಂ ಕೋವಿಗಳಲ್ಲಿ ಹೆಚ್ಚಿನವು ೬೫ರ ಗೂಡಿನವು. ಈಚೆಗೆ ತಯಾರಾದವು ಹೆಚ್ಚಾಗಿ ೭೦ರವು.

ಇಲ್ಲಿ ಒಂದು ಮುಖ್ಯ ವಿಷಯವಿದೆ. ತೋಟಾದ ಮೇಲೆ ೭೦ ಎಂದು ಬರೆದಿರುವುದು ನಾವು ಕೈಯಲ್ಲಿ ಹಿಡಿದಿರುವ ತೋಟಾದ ಉದ್ದವಲ್ಲ. ಅದು ಹೊಡೆದ ನಂತರ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹೊಸ ತೋಟಾದ ಬಾಯನ್ನು ಹೂವಿನ ಮೊಗ್ಗಿನಂತೆ ಒಳಕ್ಕೆ ಮಡಿಸಿರುತ್ತಾರೆ. ಹಾಗೆ ಮಡಿಸಿದಾಗ ೭೦ರ ತೋಟಾ ಸುಮಾರು ೫೮ರಿಂದ ೬೦ ಮಿ.ಮೀ. ಮಾತ್ರ ಇರುತ್ತದೆ. ಹೀಗಾಗಿ ಅದು ೬೫ರ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ. ಕೋವಿ ಸರಾಗವಾಗಿ ಮುಚ್ಚಿಕೊಳ್ಳುತ್ತದೆ. ‘ಕೂತಿತಲ್ಲ, ಸರಿಯಾಗಿದೆ’ ಎಂದು ನಾವು ಭಾವಿಸುತ್ತೇವೆ.

ಕುದುರೆ ಬಿದ್ದು ಕೇಪು ಹೊತ್ತಿದೊಡನೆ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚಿಕೊಳ್ಳಬೇಕು. ಗೂಡು ೬೫ಕ್ಕೇ ಮುಗಿದಿರುವುದರಿಂದ ಉಳಿದ ೫ ಮಿ.ಮೀ. ಅಂಚು ನಳಿಗೆ ಕಿರಿದಾಗುವ ಇಳಿಜಾರಿನೊಳಕ್ಕೆ ನುಗ್ಗುತ್ತದೆ. ಗೂಡಿನ ಬಾಯಿ ಸುಮಾರು ೨೦ ಮಿ.ಮೀ., ಅದರ ಮುಂದಿನ ನಳಿಗೆ ೧೮.೫ ಮಿ.ಮೀ. ಆ ಸಂದಿಯಲ್ಲಿ ತೋಟಾದ ಅಂಚು ಒಂದು ಪದರವಾಗಿ ಕೂತರೆ ಚರೆ ಹೋಗಬೇಕಾದ ದಾರಿ ಇನ್ನೂ ಕಿರಿದಾಗುತ್ತದೆ. ಹಿಂದಿನ ಒತ್ತಡ ಏರುತ್ತದೆ. ಗಟ್ಟಿಮುಟ್ಟಾದ ಕೋವಿ ಒಂದೆರಡು ಸಲ, ಹತ್ತಿಪ್ಪತ್ತು ಸಲ ತಡೆದುಕೊಂಡೀತು. ಹೆಗಲಿಗೆ ಏಟು ಜಾಸ್ತಿ ಬೀಳುತ್ತದೆ, ಕೀಲು ಸಡಿಲವಾಗುತ್ತದೆ, ಖಾಲಿ ತೋಟಾ ಸುಲಭವಾಗಿ ಹೊರಗೆ ಬರುವುದಿಲ್ಲ. ಇವೇ ಮುನ್ಸೂಚನೆಗಳು. ತೆಳುವಾಗಿ ಸವೆದ ನಳಿಗೆಯಾದರೆ ಮುನ್ಸೂಚನೆಗೆ ಅವಕಾಶವೇ ಇರುವುದಿಲ್ಲ.

ಖಾಲಿ ತೋಟಾವನ್ನು ನೋಡಿಯೂ ಇದನ್ನು ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಬಾಯಿಯ ಅಂಚು ದುಂಡಗೆ, ನೆಟ್ಟಗೆ ಇದ್ದರೆ ಸರಿ. ಹರಿದು ಎಳೆಎಳೆಯಾಗಿದ್ದರೆ, ಕರಗಿದಂತೆ ಅಥವಾ ಒಳಕ್ಕೆ ಒತ್ತಿದಂತೆ ಇದ್ದರೆ ಗೂಡಿಗೂ ತೋಟಾಕ್ಕೂ ಹೊಂದಿಕೆಯಿಲ್ಲವೆಂದು ಸಂಶಯಪಡಬೇಕು.

ನಿಯಮ ಸುಲಭವಾದದ್ದು. ೭೦ರ ಗೂಡಿನಲ್ಲಿ ೬೫ರ ತೋಟಾ ಹೊಡೆಯಬಹುದು. ೬೫ರ ಗೂಡಿನಲ್ಲಿ ೭೦ರ ತೋಟಾ ಹೊಡೆಯಕೂಡದು. ತೋಟಾದ ಪೆಟ್ಟಿಗೆಯ ಮೇಲೆ ‘೬೫ರ ಗೂಡಿಗೂ ಆಗುತ್ತದೆ’ ಎಂದು ತಯಾರಕರೇ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಮಾತು ಬೇರೆ. ಕೋವಿಯ ಮೇಲೆ ಉದ್ದ ಬರೆದಿಲ್ಲವಾದರೆ, ಬಲ್ಲ ಕೋವಿ ರಿಪೇರಿಯವರಿಂದ ಅಳತೆ ಮಾಡಿಸುವವರೆಗೆ ಅದನ್ನು ೬೫ ಎಂದೇ ಭಾವಿಸತಕ್ಕದ್ದು. ‘ಎಲ್ಲರೂ ಇದನ್ನೇ ಒಯ್ಯುತ್ತಾರೆ’ ಎನ್ನುವ ಅಂಗಡಿಯವರ ಮಾತು ಅಳತೆಗೆ ಬದಲಾಗಲಾರದು.

ನಳಿಗೆಯ ಮೇಲಿನ ಮುದ್ರೆಗಳು

ಕೋವಿಯನ್ನು ಬಿಚ್ಚಿ ನಳಿಗೆಯನ್ನು ಮಗುಚಿ ಹಿಡಿದರೆ, ಹಿಂಬದಿಯ ಚಪ್ಪಟೆ ಭಾಗದಲ್ಲಿ ಸಣ್ಣ ಸಣ್ಣ ಕಿರೀಟ, ಅಕ್ಷರ, ಅಂಕಿಗಳು ಕಾಣುತ್ತವೆ. ಇವು ಅಲಂಕಾರವಲ್ಲ, ಪರೀಕ್ಷೆಯ ಮುದ್ರೆಗಳು. ಲಂಡನ್ನಿನಲ್ಲೂ ಬರ್ಮಿಂಗ್‌ಹ್ಯಾಮಿನಲ್ಲೂ ಸರ್ಕಾರದ ಕಾಯಿದೆಯ ಪ್ರಕಾರ ಪ್ರತಿ ನಳಿಗೆಯನ್ನೂ ಮಾಮೂಲಿಗಿಂತ ಹೆಚ್ಚಿನ ಮದ್ದು ಹಾಕಿ ಹೊಡೆದು ನೋಡಿ, ತಡೆದುಕೊಂಡವಕ್ಕೆ ಮಾತ್ರ ಮುದ್ರೆ ಒತ್ತುತ್ತಾರೆ. ಬೆಲ್ಜಿಯಂ ದೇಶದ ಲಿಯೇಜ್ ಊರಿನ ಮುದ್ರೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ.

ಹಳೆಯ ಕೋವಿ ಇರುವವರು ಮುಖ್ಯವಾಗಿ ನೋಡಬೇಕಾದದ್ದು ‘ನೈಟ್ರೋ ಪ್ರೂಫ್’ ಎಂಬ ಮಾತು, ಅಥವಾ ಎನ್, ಪಿ ಎಂಬ ಇಂಗ್ಲಿಷ್ ಅಕ್ಷರಗಳು. ಈಗಿನ ತೋಟಾಗಳಲ್ಲಿರುವುದು ಹೊಗೆಯಿಲ್ಲದ ಮದ್ದು. ಈ ಮುದ್ರೆ ಇಲ್ಲದ ಇಂಗ್ಲಿಷ್ ಕೋವಿ ಕರಿಮದ್ದಿನ ಕಾಲದ್ದು. ನಳಿಗೆಯ ಮೈಮೇಲೆ ಹಾವಿನ ಪೊರೆಯಂತೆ, ಬೆತ್ತದ ಹೆಣಿಗೆಯಂತೆ ಸುರುಳಿ ಚಿತ್ತಾರವಿದ್ದರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸರಳಿಗೆ ಸುತ್ತಿ, ಕಾಸಿ, ಬಡಿದು ಬೆಸೆದು ಮಾಡಿದ್ದು. ನೋಡಲು ಬಹಳ ಚಂದ. ಆದರೆ ನೂರು ವರ್ಷದ ಮಲೆನಾಡಿನ ಮಳೆಗೆ ಬೆಸುಗೆಯ ಸಂದಿಯಲ್ಲಿ ಒಳಗೊಳಗೇ ತುಕ್ಕು ಹಿಡಿದಿದ್ದರೆ ಹೊರಗೆ ಕಾಣುವುದಿಲ್ಲ. ಅಂತಹ ಕೋವಿ ಗೋಡೆಯ ಮೇಲೆ ಇರಲಿ, ಹೆಗಲ ಮೇಲೆ ಬೇಡ. ನೈಟ್ರೋ ಮುದ್ರೆ ಇದ್ದರೂ ಅದು ಪರೀಕ್ಷೆಯಾದ ದಿನದ ಮಾತು. ಆಮೇಲೆ ನಳಿಗೆಯ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ, ಉಜ್ಜಿ ಉಜ್ಜಿ ತೆಳುವಾಗಿದ್ದರೆ, ಹೊರಗೆ ಡೊಂಕು ಅಥವಾ ತಗ್ಗು ಬಿದ್ದಿದ್ದರೆ ಹಳೆಯ ಮುದ್ರೆ ಲೆಕ್ಕಕ್ಕಿಲ್ಲ.

ಕೇಪಿನ ಕೋವಿ ಇರುವ ಸದಸ್ಯರಿಗೂ ಇಲ್ಲೊಂದು ಮಾತು. ಕೇಪಿನ ಕೋವಿ ಕರಿಮದ್ದಿಗಾಗಿ ಮಾಡಿದ್ದು. ತೋಟಾ ಒಡೆದು ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವುದು ಆತ್ಮಹತ್ಯೆಗೆ ಸಮ. ಕರಿಮದ್ದಿನ ಅಳತೆಯ ಚಿಪ್ಪಿನಲ್ಲಿ ಅಷ್ಟೇ ತುಂಬಿದರೂ ಇದರ ಬಲ ಹಲವು ಪಟ್ಟು. ಅಳತೆ ಒಂದೇ ಆದರೂ ವಸ್ತು ಬೇರೆ.

ಚೋಕ್

ನೀರು ಬಿಡುವ ಹೋಸ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚದುರದೆ ದೂರಕ್ಕೆ ಹಾರುತ್ತದೆ. ಕೋವಿಯ ನಳಿಗೆಯ ತುದಿಯನ್ನು ಕೂಡ ಹಾಗೆಯೇ ಸ್ವಲ್ಪ ಕಿರಿದು ಮಾಡಿರುತ್ತಾರೆ. ಇದಕ್ಕೆ ಚೋಕ್ ಎಂದು ಹೆಸರು. ಹನ್ನೆರಡು ಬೋರಿನಲ್ಲಿ ಫುಲ್ ಚೋಕ್ ಎಂದರೆ ಇಂಚಿನ ಸಾವಿರ ಪಾಲಿನಲ್ಲಿ ೪೦ ಪಾಲು, ಅಂದರೆ ಸುಮಾರು ೧ ಮಿ.ಮೀ. ಕಿರಿದು. ಹಾಫ್ ಎಂದರೆ ೨೦ ಪಾಲು, ಕ್ವಾರ್ಟರ್ ಎಂದರೆ ೧೦ ಪಾಲು. ಏನೂ ಕಿರಿದಿಲ್ಲದ್ದು ಸಿಲಿಂಡರ್.

ಇದರ ಪರಿಣಾಮವನ್ನು ಅಳೆಯುವ ಕ್ರಮ ಹೀಗೆ: ೪೦ ಗಜ ದೂರದಲ್ಲಿ ೩೦ ಇಂಚಿನ ವೃತ್ತ ಬರೆದು ಹೊಡೆದಾಗ ಒಟ್ಟು ಚರೆಯಲ್ಲಿ ನೂರಕ್ಕೆ ಎಷ್ಟು ಆ ವೃತ್ತದಲ್ಲಿ ಬಿದ್ದವು ಎಂದು ಎಣಿಸುವುದು. ಫುಲ್ ಚೋಕಿಗೆ ಸುಮಾರು ೭೦, ಹಾಫ್ ಚೋಕಿಗೆ ೬೦, ಕ್ವಾರ್ಟರಿಗೆ ೫೫, ಸಿಲಿಂಡರಿಗೆ ೪೦. ಕೂದಲೆಳೆಯಷ್ಟು ಅಳತೆಯ ವ್ಯತ್ಯಾಸದಿಂದ ಇಷ್ಟು ಫಲ. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಬಲ ನಳಿಗೆ ಸಡಿಲ, ಎಡ ನಳಿಗೆ ಬಿಗಿ ಇರುತ್ತದೆ. ನಳಿಗೆ ಉದ್ದವಾಗಿದೆ ಎಂದು ತುದಿ ಕತ್ತರಿಸಿದರೆ ಚೋಕ್ ಹೋಯಿತು. ೨೦ ಇಂಚಿಗಿಂತ ಕಡಿಮೆಯಾದರೆ ಲೈಸೆನ್ಸೂ ಹೋಯಿತು, ಕೇಸೂ ಬಂತು.

ಒಂದು ಎಚ್ಚರಿಕೆ. ನಳಿಗೆಯ ತುಂಬ ಕೂರುವ ಒಂಟಿ ಗುಂಡನ್ನು ಫುಲ್ ಚೋಕಿನ ನಳಿಗೆಯಲ್ಲಿ ಹೊಡೆಯಬಾರದು. ಚರೆ ಒತ್ತಿಕೊಂಡು ಹಿಗ್ಗಿ ಕುಗ್ಗಿ ಹೊರಗೆ ಹೋಗುತ್ತದೆ. ಗುಂಡಿಗೆ ಕುಗ್ಗುವ ದಾರಿಯಿಲ್ಲ.

ಚರೆಯ ನಂಬರು ಮತ್ತು ದೂರ

ಕಾಫಿ ಗ್ರೇಡು ಮಾಡುವ ಜರಡಿಯಲ್ಲಿ ನಂಬರು ಹೆಚ್ಚಾದಂತೆ ಕಣ್ಣು ದೊಡ್ಡದು. ಚರೆಯಲ್ಲಿ ಇದು ತಿರುಗುಮುರುಗು. ನಂಬರು ಹೆಚ್ಚಾದಂತೆ ಚರೆ ಸಣ್ಣದು. ಇಂಗ್ಲಿಷ್ ಪದ್ಧತಿಯಂತೆ ಒಂದು ಔನ್ಸಿಗೆ, ಅಂದರೆ ಸುಮಾರು ೨೮ ಗ್ರಾಂ ತೂಕಕ್ಕೆ, ಬರುವ ಚರೆಯ ಲೆಕ್ಕ ಹೀಗಿದೆ:

ಎಲ್‌ಜಿ: ೯.೧ ಮಿ.ಮೀ., ೬ ಗುಂಡು
ಎಸ್‌ಜಿ: ೮.೪ ಮಿ.ಮೀ., ೮ ಗುಂಡು
ಬಿಬಿ: ೪.೧ ಮಿ.ಮೀ., ೭೦ ಚರೆ
೪ನೇ ನಂಬರು: ೩.೧ ಮಿ.ಮೀ., ೧೭೦ ಚರೆ
೬ನೇ ನಂಬರು: ೨.೬ ಮಿ.ಮೀ., ೨೭೦ ಚರೆ
೮ನೇ ನಂಬರು: ೨.೨ ಮಿ.ಮೀ., ೪೫೦ ಚರೆ

ಅಮೆರಿಕದ ಪದ್ಧತಿಯಲ್ಲಿ ಅದೇ ನಂಬರಿಗೆ ಅಳತೆ ಸ್ವಲ್ಪ ಬೇರೆ ಇರುವುದರಿಂದ ಪೆಟ್ಟಿಗೆಯ ಮೇಲಿನ ಮಿ.ಮೀ. ನೋಡುವುದು ಲೇಸು.

ನಾವು ಸಾಮಾನ್ಯವಾಗಿ ‘ಎಷ್ಟು ದೂರದವರೆಗೆ ಕೆಲಸ ಮಾಡುತ್ತದೆ’ ಎಂದು ಮಾತ್ರ ಯೋಚಿಸುತ್ತೇವೆ. ಅದು ಮೂವತ್ತೈದು ನಲವತ್ತು ಗಜ. ಆದರೆ ನೆರೆಹೊರೆಯವರ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ದೂರದವರೆಗೆ ಹೋಗಿ ಬೀಳುತ್ತದೆ’ ಎಂಬುದು. ಇದಕ್ಕೆ ಒಂದು ಹಳೆಯ ಸೂತ್ರವಿದೆ. ಚರೆಯ ಅಡ್ಡಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು ೨೨೦೦ರಿಂದ ಗುಣಿಸಿದರೆ, ಅದು ಹೆಚ್ಚೆಂದರೆ ಎಷ್ಟು ಗಜ ಹೋದೀತು ಎಂಬ ಅಂದಾಜು ಸಿಗುತ್ತದೆ. ಇದರ ಪ್ರಕಾರ ೬ನೇ ನಂಬರಿನ ಚರೆ ಸುಮಾರು ೨೦೫ ಮೀಟರ್ ಹೋಗುತ್ತದೆ. ಬಿಬಿ ಸುಮಾರು ೩೨೫ ಮೀಟರ್. ಎಸ್‌ಜಿ ಗುಂಡು ಸುಮಾರು ೬೬೫ ಮೀಟರ್.

ಈಗ ನಮ್ಮ ನೆಲವನ್ನು ನೆನೆಸಿಕೊಳ್ಳೋಣ. ಅಡಿಕೆ ತೋಟ ಕಣಿವೆಯ ತಳದಲ್ಲಿ, ಮನೆ ಅದರ ಮೇಲಂಚಿನಲ್ಲಿ, ಎದುರು ಗುಡ್ಡದ ಇಳಿಜಾರಿನಲ್ಲಿ ಮತ್ತೊಬ್ಬರ ಕಾಫಿ. ಈ ಮನೆಯ ಅಂಗಳದಿಂದ ಆ ಮನೆಯ ಅಂಗಳಕ್ಕೆ ಕೂಗಿದರೆ ಕೇಳುವಷ್ಟೇ ದೂರ. ನಡುವೆ ಸೊಪ್ಪು ತರಲು ಹೋದವರು, ಮೆಣಸಿನ ಬಳ್ಳಿಯ ಏಣಿಯ ಮೇಲೆ ಇರುವವರು, ಕೊನೆ ತೆಗೆಯಲು ಮರ ಹತ್ತಿದವರು. ಮರದ ಮೇಲಿನ ಮಂಗನ ಕಡೆಗೆ ನಳಿಗೆ ಎತ್ತಿದರೆ ಆ ಚರೆ ಆಕಾಶದಲ್ಲಿ ಉಳಿಯುವುದಿಲ್ಲ, ಯಾರದೋ ತೋಟಕ್ಕೆ ಇಳಿಯುತ್ತದೆ. ಎಸ್‌ಜಿ, ಎಲ್‌ಜಿ ಗುಂಡುಗಳ ವಿಷಯದಲ್ಲಂತೂ ಮರ, ಕಲ್ಲು ತಾಗಿ ದಿಕ್ಕು ಬದಲಿಸುವ ಅಪಾಯವೂ ಇದೆ. ಆದ್ದರಿಂದ ನಳಿಗೆಯ ಮುಂದೆ ಮಣ್ಣಿನ ಧರೆ ಇಲ್ಲದ ಕಡೆ ದೊಡ್ಡ ಗುಂಡಿನ ತೋಟಾ ಕೋವಿಯೊಳಗೆ ಇರಲೇಬಾರದು ಎಂಬುದು ನಮ್ಮ ಅಭಿಪ್ರಾಯ.

ಖಾಲಿ ತೋಟಾ ಮತ್ತೆ ತುಂಬಬಹುದೇ?

ಹಿಂದಿನವರು ಹಿತ್ತಾಳೆಯ ಖಾಲಿ ತೋಟಾಗಳಿಗೆ ಹೊಸ ಕೇಪು ಹಾಕಿ, ಮದ್ದು ತುಂಬಿ, ನಾರು ಅಥವಾ ರಟ್ಟಿನ ಬಿಲ್ಲೆ ಒತ್ತಿ ಮತ್ತೆ ಬಳಸುತ್ತಿದ್ದರು. ವಿದೇಶಗಳಲ್ಲಿ ಇದು ಈಗಲೂ ದೊಡ್ಡ ಹವ್ಯಾಸ. ಮುಖ್ಯವಾಗಿ ದೂರದ ಗುರಿಗೆ ರೈಫಲ್ ಹೊಡೆಯುವ ಸ್ಪರ್ಧಿಗಳು ಇದನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದಾರೆ. ಅದರ ತತ್ತ್ವ ತಿಳಿದರೆ, ಅಳತೆಯ ವಿಷಯದಲ್ಲಿ ಎಷ್ಟು ಸೂಕ್ಷ್ಮವಿದೆ ಎಂಬುದು ಅರ್ಥವಾದೀತು.

ರೈಫಲ್ ತೋಟಾ ಬಾಟಲಿಯ ಆಕಾರದ ಹಿತ್ತಾಳೆಯ ಕೋಶ. ಗುಂಡನ್ನು ಅದರ ಕತ್ತು ಬಿಗಿಯಾಗಿ ಹಿಡಿದಿರುತ್ತದೆ. ಹೊಡೆದಾಗ ಒಳಗಿನ ಒತ್ತಡಕ್ಕೆ ಕೋಶ ಉಬ್ಬಿ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ಹಿಂದಕ್ಕೆ ಕುಗ್ಗುತ್ತದೆ, ಪೂರ್ತಿ ಕುಗ್ಗುವುದಿಲ್ಲ. ಹೀಗೆ ಉಬ್ಬಿದ ಕತ್ತಿನಲ್ಲಿ ಹೊಸ ಗುಂಡು ನಿಲ್ಲದೆ ಒಳಕ್ಕೆ ಜಾರುತ್ತದೆ. ಆದ್ದರಿಂದ ಕೋಶವನ್ನು ಗಟ್ಟಿ ಉಕ್ಕಿನ ಡೈ ಎಂಬ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಜಿ.ಐ. ಪೈಪಿಗೆ ಮರೆ ಹಾಕುವ ಡೈ ನಮಗೆಲ್ಲ ಗೊತ್ತು. ಅದು ಕತ್ತರಿಸುತ್ತದೆ, ಇದು ಒತ್ತುತ್ತದೆ, ಅಷ್ಟೇ.

ಡೈಗಳಲ್ಲಿ ಮೂರು ಬಗೆ. ಮೊದಲನೆಯದು ಇಡೀ ಕೋಶವನ್ನು ಒತ್ತಿ ಸಣ್ಣದು ಮಾಡುವಂಥದು. ಯಾವ ರೈಫಲಿಗಾದರೂ ಹೊಂದುತ್ತದೆ, ಆದರೆ ಹಿತ್ತಾಳೆಗೆ ಶ್ರಮ ಹೆಚ್ಚು. ಎರಡನೆಯದು ಕತ್ತನ್ನು ಮಾತ್ರ ಒತ್ತುವಂಥದು; ಅದೇ ರೈಫಲಿನಲ್ಲಿ ಹೊಡೆದ ಕೋಶಕ್ಕೆ ಮಾತ್ರ ಸರಿ. ಮೂರನೆಯದರಲ್ಲಿ ಕತ್ತಿನ ಜಾಗಕ್ಕೆ ಬದಲಾಯಿಸಬಹುದಾದ ಒಂದು ಬುಶ್ ಇರುತ್ತದೆ. ಪಂಪ್‌ಸೆಟ್ಟಿನ ಬುಶ್ಶಿನಂತೆಯೇ ಇದು ಒಂದು ಬಳೆ. ಇಂಚಿನ ಸಾವಿರದ ಒಂದು ಪಾಲಿನ ವ್ಯತ್ಯಾಸದಲ್ಲಿ ಬೇರೆ ಬೇರೆ ಅಳತೆಯವು ಸಿಗುತ್ತವೆ. ಸಾವಿರದ ಒಂದು ಪಾಲು ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂರನೇ ಒಂದು ಭಾಗ.

ಬುಶ್ಶಿನ ಅಳತೆ ಆರಿಸುವ ಲೆಕ್ಕ ಹೀಗೆ. ಗುಂಡು ಕೂರಿಸಿದ ತೋಟಾದ ಕತ್ತನ್ನು ಹೊರಗಿನಿಂದ ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಉದಾಹರಣೆಗೆ ಗುಂಡು ೩೦೮ ಪಾಲು, ಹಿತ್ತಾಳೆಯ ಗೋಡೆ ಒಂದೊಂದು ಬದಿ ಹದಿನಾಲ್ಕೂವರೆ ಪಾಲು ಎಂದಾದರೆ, ಎರಡೂ ಬದಿ ಸೇರಿ ೨೯. ಒಟ್ಟು ೩೩೭ ಪಾಲು. ಗುಂಡನ್ನು ಹಿಡಿದುಕೊಳ್ಳಲು ಕತ್ತು ಎರಡು ಪಾಲು ಬಿಗಿ ಇರಬೇಕೆಂದರೆ ೩೩೫ರ ಬುಶ್. ಒತ್ತಿದ ಹಿತ್ತಾಳೆ ಸುಮಾರು ಒಂದು ಪಾಲು ಮತ್ತೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನೂ ಎಣಿಸಿದರೆ ೩೩೪ರದು. ಹಿಡಿತ ತೀರ ಸಡಿಲವಾದರೆ ಗುಂಡು ಅಲುಗಾಡುತ್ತದೆ. ತೀರ ಬಿಗಿಯಾದರೆ ಗುಂಡು ಕೂರಿಸುವಾಗಲೇ ಕತ್ತು ಸೊಟ್ಟಗಾಗುತ್ತದೆ, ಹಿತ್ತಾಳೆ ಬೇಗ ಬಿರುಕು ಬಿಡುತ್ತದೆ. ಇನ್ನೊಂದು ಸೂಕ್ಷ್ಮ: ಬುಶ್ ಹೊರಗಿನಿಂದ ಒತ್ತುವುದರಿಂದ, ಗೋಡೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ ಆ ಏರುಪೇರು ಒಳಬದಿಗೆ ಬಂದು ಗುಂಡು ಓರೆಯಾಗಿ ಕೂರುತ್ತದೆ. ಅದಕ್ಕಾಗಿ ಮೊದಲು ಕೋಶಗಳನ್ನು ವಿಂಗಡಿಸಿ, ಕತ್ತನ್ನು ಸುತ್ತಲೂ ಒಂದೇ ದಪ್ಪಕ್ಕೆ ಕೆರೆಯುತ್ತಾರೆ. ಒಬ್ಬರ ರೈಫಲಿನ ಬುಶ್ ಅಳತೆ ಇನ್ನೊಬ್ಬರಿಗೆ ಸರಿಹೋಗಲಾರದು. ತೋಟಾ ಕಂಪೆನಿ ಬದಲಾಯಿಸಿದರೆ ತಮ್ಮದೇ ಅಳತೆಯೂ ಬದಲಾಗುತ್ತದೆ.

ಇಷ್ಟೆಲ್ಲ ನಾಜೂಕಿನ ಕೆಲಸ ಕೂದಲೆಳೆ ಗುರಿಗಾಗಿ. ನಮ್ಮ ಹನ್ನೆರಡು ಬೋರಿನ ಪ್ಲಾಸ್ಟಿಕ್ ಅಥವಾ ಕಾಗದದ ತೋಟಾಕ್ಕೆ ಕತ್ತೂ ಇಲ್ಲ, ಆ ಗುರಿಯೂ ಬೇಕಿಲ್ಲ. ಒಮ್ಮೆ ಮಡಿಸಿ ಬಿಚ್ಚಿದ ಬಾಯಿ ಮತ್ತೆ ಮೊದಲಿನಂತೆ ಮಡಿಯುವುದಿಲ್ಲ. ನಮ್ಮ ಹವೆಯಲ್ಲಿ ಕಾಗದ ಊದಿಕೊಳ್ಳುತ್ತದೆ. ಇಪ್ಪತ್ತೆರಡು ರೈಫಲಿನ ಸಣ್ಣ ತೋಟಾದಲ್ಲಿ ಕೇಪಿನ ಮಸಾಲೆ ತಳದ ಅಂಚಿನೊಳಗೇ ಇರುವುದರಿಂದ ಅದನ್ನು ಮತ್ತೆ ತುಂಬುವ ಮಾತೇ ಇಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ಕಾನೂನು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಮದ್ದುಗುಂಡು ಎಂಬ ಪದದ ಅರ್ಥದೊಳಗೆ ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಸೇರಿವೆ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ತೋಟಾ ತಯಾರಿಸುವ ಲೈಸೆನ್ಸ್ ಅಲ್ಲ. ೨೦೧೯ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆ ಇದೆ. ನಾಲ್ಕು ತೋಟಾ ಉಳಿಸಲು ಹೋಗಿ ಮನೆತನವನ್ನೇ ಕೋರ್ಟಿಗೆ ಎಳೆಯುವುದು ಬೇಡ. ಖಾಲಿ ತೋಟಾಗಳನ್ನು ಮಕ್ಕಳ ಆಟಕ್ಕೆ ಕೊಡುವುದೂ ಬೇಡ.

ಮಳೆಗಾಲದ ಜೋಪಾನ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಬೂಸಲು ಹಿಡಿಯುತ್ತದೆ. ಕಾಗದದ ತೋಟಾ ತೇವಕ್ಕೆ ಊದಿ ಗೂಡಿನಲ್ಲಿ ಬಿಗಿಯಾಗುತ್ತದೆ. ಅದನ್ನು ಬಲವಂತವಾಗಿ ತುರುಕಬಾರದು. ಒಲೆಯ ಮೇಲಿನ ಅಟ್ಟದಲ್ಲೋ ಅಡಿಕೆ ಒಣಗಿಸುವ ತಟ್ಟಿಯ ಬಳಿಯೋ ಇಟ್ಟು ಒಣಗಿಸಲೂಬಾರದು. ತೋಟಾಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಕೋವಿಯಿಂದ ಬೇರೆಯಾಗಿ, ಬೀಗದೊಳಗೆ ಇಡತಕ್ಕದ್ದು. ಕೇಪು ಹೊಡೆದರೂ ಈಡು ಹಾರದಿದ್ದರೆ ನಳಿಗೆಯನ್ನು ನೆಲದ ಮಣ್ಣಿನ ಕಡೆಗೆ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆಯಬೇಕು. ಸದ್ದು ಎಂದಿಗಿಂತ ಸಣ್ಣದಾಗಿ ‘ಪುಸ್’ ಎಂದರೆ ಇನ್ನೂ ಎಚ್ಚರ: ಬಿಲ್ಲೆಯೋ ಚರೆಯೋ ನಳಿಗೆಯ ನಡುವೆ ನಿಂತಿರಬಹುದು. ತೋಟಾ ತೆಗೆದು, ಹಿಂದಿನಿಂದ ಬೆಳಕಿಗೆ ಹಿಡಿದು, ನಳಿಗೆ ಕೊನೆಯವರೆಗೆ ಸ್ವಚ್ಛವಾಗಿ ಕಂಡ ಮೇಲೆಯೇ ಮುಂದಿನದು.

ನಮ್ಮ ಕಡೆಯ ಮತ್ತೊಂದು ಶತ್ರು ಕುಂಬಾರ ಹುಳು. ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ಬಾಯೊಳಗೆ ಎರಡೇ ದಿನದಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಆ ಒಂದು ಉಂಡೆ ಮಣ್ಣು ಸಾಕು, ನಳಿಗೆಯ ತುದಿ ಬಾಳೆ ಸಿಪ್ಪೆಯಂತೆ ಬಿಚ್ಚಿಕೊಳ್ಳಲು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕಾಗಿ ಬರುತ್ತದೆ. ತಿಂಗಳುಗಟ್ಟಲೆ ಅಲ್ಲಿದ್ದು ಮರಳಿದ ಕೋವಿಯನ್ನು ಗಜಕಡ್ಡಿ ಹಾಯಿಸದೆ, ಎಣ್ಣೆ ಬಟ್ಟೆ ಎಳೆಯದೆ ಬಳಸಕೂಡದು. ಕೇಪಿನ ಕೋವಿಯನ್ನು ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಕರಿಮದ್ದಿನ ಮಸಿ ನೀರು ಹೀರಿ ತುಕ್ಕು ತರುತ್ತದೆ.

ಕಾಯಿದೆಯ ಮಿತಿ

ಶಸ್ತ್ರಾಸ್ತ್ರ ಕಾಯಿದೆಯ ೧೩ನೇ ಕಲಮಿನಲ್ಲಿ ನಿಜವಾದ ಬೆಳೆ ರಕ್ಷಣೆಗಾಗಿ ಕೇಪಿನ ಕೋವಿಗೆ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆ ಕೋವಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ರಾಜ್ಯದ ಹೈಕೋರ್ಟು ೨೦೨೧ರಲ್ಲಿ ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿ ನಮ್ಮ ತಾಲ್ಲೂಕುಗಳಿಗೆ ಅನ್ವಯಿಸದು. ಕೊಡಗಿನ ನೆಂಟರು ತಮ್ಮ ಕೋವಿಯ ವಿಷಯ ಹೇಳಿದರೆಂದು ನಾವೂ ಹಾಗೆಯೇ ನಡೆದುಕೊಳ್ಳುವಂತಿಲ್ಲ. ೨೦೧೯ರ ತಿದ್ದುಪಡಿಯಂತೆ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಕೋವಿ. ಲೈಸೆನ್ಸಿನ ಅವಧಿ ಐದು ವರ್ಷ. ಎಷ್ಟು ತೋಟಾ ಇಟ್ಟುಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಕಾಡುಪ್ರಾಣಿ ಕೊಲ್ಲಲು ಕೊಟ್ಟ ಅನುಮತಿ ಅಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಹಂದಿ, ಮಂಗಗಳಿಂದ ಆಗುವ ನಷ್ಟ ಎಷ್ಟೆಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದಕ್ಕೆ ಪರಿಹಾರದ ಅರ್ಜಿ, ಬೇಲಿ, ಅರಣ್ಯ ಇಲಾಖೆಯ ಅಪ್ಪಣೆ ಇವೇ ದಾರಿ. ಪರಿಹಾರದ ಅರ್ಜಿ ಬರೆಯಲು ಸಂಘದ ಕಛೇರಿಯಲ್ಲಿ ನೆರವು ದೊರೆಯುತ್ತದೆ.

ತೋಟಾ ಕೊಳ್ಳುವ ಮುನ್ನ

ಅಂಗಡಿಗೆ ಹೋಗುವ ಮೊದಲು ಸದಸ್ಯರು ಒಂದು ಚೀಟಿಯಲ್ಲಿ ಈ ವಿವರಗಳನ್ನು ಬರೆದುಕೊಂಡು ಲೈಸೆನ್ಸ್ ಪುಸ್ತಕದೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

೧. ಕೋವಿಯ ಬೋರ್ ಎಷ್ಟು?
೨. ಗೂಡಿನ ಉದ್ದ ೬೫ ಅಥವಾ ೭೦? ಬರೆದಿಲ್ಲವಾದರೆ ಅಳತೆ ಮಾಡಿಸಿದ್ದೇವೆಯೇ?
೩. ನೈಟ್ರೋ ಮುದ್ರೆ ಇದೆಯೇ? ನಳಿಗೆಯಲ್ಲಿ ಗುಳಿ, ತಗ್ಗು ಇವೆಯೇ?
೪. ಬಲ ನಳಿಗೆಯ ಚೋಕ್ ಯಾವುದು, ಎಡ ನಳಿಗೆಯದು ಯಾವುದು?
೫. ನಮ್ಮ ತೋಟದ ಸುತ್ತ ಎಷ್ಟು ದೂರದಲ್ಲಿ ಮನೆ, ದಾರಿ, ಶಾಲೆ ಇವೆ? ಅದಕ್ಕೆ ತಕ್ಕ ಚರೆ ಯಾವುದು?
೬. ಲೈಸೆನ್ಸಿನಲ್ಲಿ ಎಷ್ಟು ತೋಟಾಕ್ಕೆ ಅನುಮತಿ ಇದೆ, ಈಗ ಮನೆಯಲ್ಲಿ ಎಷ್ಟು ಉಳಿದಿವೆ?

ಕೋವಿಯನ್ನು ಮಗನ ಹೆಸರಿಗೆ ಮಾಡಿಸುವ ಹಿರಿಯರು ಕೋವಿಯ ಜೊತೆಗೆ ಈ ಚೀಟಿಯನ್ನೂ ಕೊಡಲಿ. ಕೋವಿ ಯಾವ ಕಂಪೆನಿಯದು, ಎಷ್ಟು ಹಳೆಯದು ಎಂದು ಹೆಮ್ಮೆಯಿಂದ ಹೇಳುವ ನಾವು ಅದರ ಗೂಡಿನ ಉದ್ದವನ್ನೂ ಹೇಳಿಕೊಟ್ಟಿದ್ದರೆ, ಮುಂದಿನವರ ಹತ್ತು ಬೆರಳೂ ಉಳಿದಾವು.